ಪಿಯುಸಿ ಆಯ್ತು, ಬಿಕಾಂ ಸೇರೋದಾ ಬಿಬಿಎ ಸೇರೋದಾ? ಅಪ್ಲಿಕೇಶನ್ ಹಾಕೋದು ಹೇಗೆ?

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಿದ್ದೇ ತಡ, ಕಾಲೇಜುಗಳಿಂದ ಫೋನ್ ಬರೋಕೆ ಶುರುವಾಗುತ್ತೆ, ಇವತ್ತೇ ಅಡ್ವಾನ್ಸ್ ಕಟ್ಟಿ ಸೀಟ್ ಬ್ಲಾಕ್ ಮಾಡ್ಸಿ ನಾಳೆ ಇರಲ್ಲ ಅಂತ. ಹೆದರ್ಕೊಂಡು ದುಡ್ಡು ಕಟ್ಟಬೇಡಿ ದಯವಿಟ್ಟು. ಬಿಕಾಂ ಬಿಬಿಎ ಸೀಟು ಮೆಡಿಕಲ್ ಸೀಟಿನ ಥರ ಅಲ್ಲ, ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬಹುತೇಕ ಎಲ್ಲಾ ತಾಲ್ಲೂಕಲ್ಲೂ ಇದೆ. ಮೊದ್ಲು ಒಂದು ದಿನ ಕೂತು ಎರಡೂ ಕೋರ್ಸಿನ ಸಿಲಬಸ್ ಓದಿ, ಯೂನಿವರ್ಸಿಟಿ ವೆಬ್‌ಸೈಟಲ್ಲೇ ಇರುತ್ತೆ.

ಓದಿದ್ರೆ ವ್ಯತ್ಯಾಸ ತಾನಾಗೇ ಕಾಣುತ್ತೆ. ಬಿಕಾಂ ಅಂದ್ರೆ ಲೆಕ್ಕ: ಫೈನಾನ್ಷಿಯಲ್ ಅಕೌಂಟಿಂಗು, ಕಾರ್ಪೊರೇಟ್ ಅಕೌಂಟಿಂಗು, ಕಾಸ್ಟಿಂಗು, ಇನ್‌ಕಮ್ ಟ್ಯಾಕ್ಸು, ಜಿಎಸ್‌ಟಿ, ಆಡಿಟಿಂಗು. ಬಿಬಿಎಲೂ ಅಕೌಂಟ್ಸ್ ಇದೆ, ಆದ್ರೆ ಕಮ್ಮಿ, ಅಲ್ಲಿ ಮಾರ್ಕೆಟಿಂಗು, ಎಚ್‌ಆರು, ಮ್ಯಾನೇಜ್‌ಮೆಂಟು, ಪ್ರಾಜೆಕ್ಟು ಜಾಸ್ತಿ. ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಾಗ ಖುಷಿ ಆಗೋ ಮಕ್ಕಳು ಬಿಕಾಂ ಕಡೆ ಹೋಗಿ, ಜನರ ಜೊತೆ ಮಾತಾಡೋದು, ವಸ್ತು ಮಾರೋದು, ಮನೆ ವ್ಯಾಪಾರ ಬೆಳೆಸೋದು ಇಷ್ಟ ಇರೋರು ಬಿಬಿಎ ನೋಡಿ. ಬ್ಯಾಂಕ್ ಎಕ್ಸಾಮಿಗೆ, ಎಂಬಿಎಗೆ ಎರಡೂ ನಡೆಯುತ್ತೆ. ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸೋ ಪಿಜಿ ಎಂಟ್ರೆನ್ಸು ಪಿಜಿಸಿಇಟಿಲಿ ಎಂಬಿಎ ಸೀಟಿಗೆ ಯಾವ ಡಿಗ್ರಿ ಅಂತ ಕೇಳಲ್ಲ, ಜನರಲ್ ಆದ್ರೆ 50 ಪರ್ಸೆಂಟ್ ಇರ್ಬೇಕು ಅಷ್ಟೆ. ಆದ್ರೆ ಪಿಯು ಲೆಕ್ಚರರ್ ಆಗ್ಬೇಕು ಅನ್ನೋರಿಗೆ ಮುಂದೆ ಎಂಕಾಂ, ಬಿಎಡ್ ಎರಡೂ ಬೇಕು, ಅವ್ರಿಗೆ ಬಿಕಾಂ ದಾರಿಯೇ ಸಲೀಸು.

ಸೈನ್ಸು, ಆರ್ಟ್ಸ್ ಓದ್ದೋರೂ ಸೇರಬಹುದು, ಮೊದಲ ಸೆಮಿಸ್ಟರಲ್ಲಿ ಡೆಬಿಟ್ಟು ಕ್ರೆಡಿಟ್ಟು ಸ್ವಲ್ಪ ಕಷ್ಟ ಅನ್ಸುತ್ತೆ, ರಜೆಯಲ್ಲೇ ಫಸ್ಟ್ ಪಿಯು ಅಕೌಂಟೆನ್ಸಿ ಪುಸ್ತಕ ಮುಗಿಸ್ಕೊಂಡ್ರೆ ಸಾಕು. ಕನ್ನಡ ಮೀಡಿಯಂ ಮಕ್ಕಳು ಇಂಗ್ಲಿಷಿಗೆ ಹೆದರಿ ಕಾಮರ್ಸೇ ಬೇಡ ಅಂತಾರಲ್ಲ, ಅದು ನಂಗೆ ತುಂಬಾ ಬೇಜಾರಾಗೋ ವಿಷ್ಯ. ಲೆಡ್ಜರ್ ಹಾಕೋಕೆ ಬೇಕಾಗಿರೋದು ಪ್ರಾಕ್ಟೀಸು, ಇಂಗ್ಲಿಷು ಕ್ಲಾಸಲ್ಲಿ ಕೇಳ್ತಾ ಕೇಳ್ತಾ ಬರುತ್ತೆ. ಥಿಯರಿ ಪೇಪರನ್ನ ಕನ್ನಡದಲ್ಲಿ ಬರೀಬಹುದಾ ಅಂತ ಸೇರೋ ಮುಂಚೆನೇ ಕಾಲೇಜಲ್ಲಿ ಕೇಳಿ, ನಾಚಿಕೆ ಏನೂ ಬೇಡ.

ಸಿಎ ಮಾಡ್ಬೇಕು ಅನ್ನೋರು ಗಮನ ಕೊಡಿ. ಎರಡು ದಾರಿ ಇದೆ. ಪಿಯುಸಿ ಆದ್ಮೇಲೆ ಸಿಎಯ ಮೊದಲ ಹಂತದ ಎಕ್ಸಾಮು ಫೌಂಡೇಶನ್ ಬರೆಯೋದು ಒಂದು, ಇದ್ರಲ್ಲಿ ನಾಲ್ಕು ಪೇಪರು, ಪ್ರತಿ ಪೇಪರಲ್ಲಿ 40, ಒಟ್ಟು 50 ಪರ್ಸೆಂಟ್ ಬರ್ಬೇಕು. ಇನ್ನೊಂದು, ಕಾಮರ್ಸ್ ಡಿಗ್ರಿಲಿ 55 ಪರ್ಸೆಂಟ್ ತಗೊಂಡು ಸೀದಾ ಎರಡನೇ ಹಂತ ಇಂಟರ್‌ಮೀಡಿಯೆಟ್‌ಗೆ ಹೋಗೋದು. ಮನೆ ಪರಿಸ್ಥಿತಿ ಬಿಗಿ ಇರೋರಿಗೆ ಎರಡನೇ ದಾರಿ ಒಳ್ಳೇದು ಅಂತ ನನ್ನ ಅಭಿಪ್ರಾಯ, ಸಿಎ ಅರ್ಧಕ್ಕೆ ನಿಂತ್ರೂ ಕೈಲಿ ಒಂದು ಡಿಗ್ರಿ ಇರುತ್ತೆ.

ಇನ್ನು ಬಿಕಾಂ ವಿತ್ ಎಸಿಸಿಎ, ಬಿಕಾಂ ವಿತ್ ಸಿಎ ಅಂತ ದೊಡ್ಡ ಬೋರ್ಡ್ ಹಾಕಿರ್ತಾರಲ್ಲ, ಅಲ್ಲಿ ಎರಡು ಪ್ರಶ್ನೆ ಕೇಳ್ಲೇಬೇಕು. ಮಾರ್ಕ್ಸ್ ಕಾರ್ಡ್ ಮೇಲೆ ಯಾವ ಯೂನಿವರ್ಸಿಟಿ ಹೆಸ್ರು ಬರುತ್ತೆ? ಆ ಇನ್ನೊಂದು ಕೋರ್ಸಿನ ಫೀಸು ಯಾರಿಗೆ ಕಟ್ಟೋದು? ಎಸಿಸಿಎ ಬ್ರಿಟನ್ನಿನ ಅಕೌಂಟೆಂಟ್‌ಗಳ ಸಂಸ್ಥೆ, ಅದರ ರಿಜಿಸ್ಟ್ರೇಶನ್ನು, ಎಕ್ಸಾಮ್ ಫೀಸು ಪೌಂಡಲ್ಲಿರುತ್ತೆ, ಕಾಲೇಜ್ ಕೊಡೋದು ಬರೀ ಕೋಚಿಂಗು. ಒಟ್ಟು ಮೂರು ವರ್ಷದ ಖರ್ಚು ಪೇಪರ್ ಮೇಲೆ ಬರೆಸ್ಕೊಳ್ಳಿ, ಬಾಯಲ್ಲಿ ಹೇಳಿದ್ದು ನಂಬಬೇಡಿ. ಬಿಬಿಎ ಆದ್ರೆ 2024-25ರಿಂದ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಅಪ್ರೂವಲ್ಲೂ ಬೇಕು, ಅದೂ ಇದ್ಯಾ ಕೇಳಿ. ಡಿಗ್ರಿ ಮೂರು ವರ್ಷನಾ ನಾಲ್ಕು ವರ್ಷನಾ ಅಂತ ಗೊಂದಲ ಇದೆ, ರಾಜ್ಯದ ಯೂನಿವರ್ಸಿಟಿಗಳಲ್ಲಿ 2024-25ರಿಂದ ಮತ್ತೆ ಮೂರೇ ವರ್ಷ ಮಾಡಿದ್ದಾರೆ.

ಈಗ ಅಪ್ಲಿಕೇಶನ್. ಸರ್ಕಾರಿ ಕಾಲೇಜು, ರಾಜ್ಯ ಯೂನಿವರ್ಸಿಟಿಗೆ ಸೇರಿದ ಕಾಲೇಜು ಅಂದ್ರೆ ಯುಯುಸಿಎಂಎಸ್ ಪೋರ್ಟಲ್, ರಾಜ್ಯದ ಯೂನಿವರ್ಸಿಟಿಗಳಿಗೆಲ್ಲ ಸೇರಿ ಇರೋ ಸರ್ಕಾರಿ ವೆಬ್‌ಸೈಟು. ಸೈಬರ್ ಸೆಂಟರಲ್ಲಿ ಹಾಕ್ಸಿದ್ರೂ ಪರ್ವಾಗಿಲ್ಲ, ಆದ್ರೆ ಮೊಬೈಲ್ ನಂಬರು, ಈಮೇಲು ನಿಮ್ದೇ ಇರ್ಲಿ, ಪಾಸ್‌ವರ್ಡ್ ನೀವೇ ಬರ್ಕೊಳ್ಳಿ, ಯಾಕಂದ್ರೆ ಮುಂದೆ ಎಕ್ಸಾಮ್ ಅಪ್ಲಿಕೇಶನ್ನು, ಹಾಲ್ ಟಿಕೆಟ್ಟು, ರಿಸಲ್ಟು ಎಲ್ಲಾ ಅದೇ ಲಾಗಿನ್ನಲ್ಲೇ. ಪ್ರೊಫೈಲ್ ತುಂಬಿದ್ಮೇಲೆ ಯೂನಿವರ್ಸಿಟಿ, ಕಾಲೇಜು, ಕೋರ್ಸು ಆರಿಸಿ ಸಬ್ಮಿಟ್ ಮಾಡಿ, ಪ್ರಿಂಟ್ ತಗೊಂಡು ಕಾಲೇಜಿಗೆ ಹೋಗಿ ವೆರಿಫಿಕೇಶನ್ ಮಾಡ್ಸಿ. ಒಂದೇ ಕಾಲೇಜ್ ನಂಬ್ಕೊಂಡು ಕೂರಬೇಡಿ. ಡೀಮ್ಡ್, ಪ್ರೈವೇಟ್ ಯೂನಿವರ್ಸಿಟಿಗಳದ್ದು ಅವರವರ ವೆಬ್‌ಸೈಟಲ್ಲೇ, ಕೆಲವು ಕಡೆ ಎಂಟ್ರೆನ್ಸೂ ಇರುತ್ತೆ. ಡೆಲ್ಲಿಯ ಶ್ರೀರಾಮ್ ಕಾಲೇಜಿಗೆ ಹೋಗೋ ಆಸೆ ಇದ್ರೆ ಕೇಂದ್ರದ ಎಂಟ್ರೆನ್ಸು ಸಿಯುಇಟಿ ಬರೀಬೇಕು, ಇಂದೋರ್ ಐಐಎಂನ ಐದು ವರ್ಷದ ಮ್ಯಾನೇಜ್‌ಮೆಂಟ್ ಕೋರ್ಸು ಐಪಿಎಂಗೆ ಐಪಿಮ್ಯಾಟ್ ಅನ್ನೋ ಎಂಟ್ರೆನ್ಸು, ಇವೆರಡರ ಅರ್ಜಿ ಸಾಮಾನ್ಯವಾಗಿ ಪಿಯುಸಿ ರಿಸಲ್ಟ್‌ಗೆ ಮುಂಚೆನೇ ಮುಗಿದಿರುತ್ತೆ, ಸೆಕೆಂಡ್ ಪಿಯುಲಿ ಇರುವಾಗ್ಲೇ ನೋಡ್ಕೊಳ್ಳಿ.

ದಾಖಲೆ ವಿಷ್ಯದಲ್ಲಿ ಜಾಸ್ತಿ ತಲೆನೋವು ಹೆಸರಿಂದ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಂಗಿದೆಯೋ ಆಧಾರಲ್ಲೂ ಹಂಗೇ ಇರ್ಬೇಕು, ಇನಿಷಿಯಲ್ ಹಿಂದೆ ಮುಂದೆ ಇದ್ರೂ ತೊಂದ್ರೆ, ಈಗಲೇ ಸರಿ ಮಾಡ್ಸಿ. ಜಾತಿ, ಆದಾಯ ಸರ್ಟಿಫಿಕೇಟ್ ನಾಡಕಚೇರಿಲಿ ಸಿಗುತ್ತೆ, ಆದಾಯದ್ದು 5 ವರ್ಷ ನಡೆಯುತ್ತೆ, ಹಳೇದಾಗಿದ್ರೆ ಹೊಸದು ಮಾಡ್ಸಿ, ಸರ್ಟಿಫಿಕೇಟ್ ಮೇಲಿರೋ ಆರ್‌ಡಿ ನಂಬರ್ ಬರ್ದಿಟ್ಕೊಳ್ಳಿ. ಸಿಬಿಎಸ್‌ಇ ಮಕ್ಕಳಿಗೆ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನ ಕಾಲೇಜು ನೋಡಿ ವಾಪಸ್ ಕೊಡ್ಬೇಕು, ಇಟ್ಕೊಳ್ಳೋ ಹಾಗಿಲ್ಲ ಅಂತ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿ 2018ರಲ್ಲೇ ಹೇಳಿದೆ, ಧೈರ್ಯವಾಗಿ ಕೇಳಿ.

ಅಡ್ಮಿಶನ್ ಆದ ಮೇಲೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಲ್ಲಿ ಸ್ಕಾಲರ್‌ಶಿಪ್‌ಗೆ ಹಾಕೋದು ಮರೀಬೇಡಿ, ದುಡ್ಡು ಬರೋದು ಆಧಾರ್ ಲಿಂಕ್ ಆದ ಅಕೌಂಟಿಗೆ, ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಬರೋಕೆ ಅಕೌಂಟನ್ನ ಆಧಾರಿಗೆ ಜೋಡಿಸೋದು) ಆಗಿದ್ಯಾ ಅಂತ ಕೇಳ್ಕೊಂಡು ಬನ್ನಿ. ಕೆಲಸಕ್ಕೆ ಹೋಗ್ಲೇಬೇಕಾದ ಪರಿಸ್ಥಿತಿ ಇದ್ರೆ ಓದು ಬಿಡ್ಬೇಡಿ, ಈವ್ನಿಂಗ್ ಕಾಲೇಜ್ ವಿಚಾರ್ಸಿ, ಇಲ್ಲಾಂದ್ರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿಕಾಂ ಮಾಡಬಹುದು.