ಶ್ರೀರಂಗಪಟ್ಟಣಕ್ಕೆ ಒಂದು ದಿನ ಹೋಗ್ತೀರಾ? ಒಡೆದ ಗೋಡೆಯಿಂದ ಶುರು ಮಾಡಿ

ನಮ್ಮಜ್ಜಿ ಊರು ಪಾಂಡವಪುರ. ಟಿಪ್ಪು ಕಡೆಯ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಆ ಊರನ್ನು ಫ್ರೆಂಚ್ ರಾಕ್ಸ್ ಅಂತಲೇ ಕರೆಯುತ್ತಿದ್ದರು. ರಜೆಗೆ ಹೋದಾಗೆಲ್ಲ ಪಕ್ಕದ ಶ್ರೀರಂಗಪಟ್ಟಣಕ್ಕೆ ಒಂದು ಸುತ್ತು ಇದ್ದೇ ಇರುತ್ತಿತ್ತು. ಈಗ ಬೆಂಗಳೂರಿನಿಂದ ನೆಂಟರನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಟಿಪ್ಪು ಬ್ರಿಟಿಷರ ಜೊತೆ ಮಾಡಿದ ಕೊನೆಯ ಯುದ್ಧದ ಕಥೆ ಮನಸ್ಸಿಗೆ ಇಳಿಯಬೇಕು ಅಂದರೆ ಮೊದಲು ನೋಡಬೇಕಾದದ್ದು ಅವನ ಸಮಾಧಿ ಇರುವ ಗುಂಬಜ್ ಅಲ್ಲ, ಕೋಟೆ ಗೋಡೆ.

ಬೆಳಗ್ಗೆ ಮೈಸೂರು ರೈಲು ಹಿಡಿಯಿರಿ. ಎಲ್ಲ ರೈಲೂ ಶ್ರೀರಂಗಪಟ್ಟಣದಲ್ಲಿ ನಿಲ್ಲಲ್ಲ, ಮೊದಲೇ ನೋಡಿಕೊಳ್ಳಿ. ತಿಂಡಿ ಕಟ್ಟಿಕೊಳ್ಳೋದು ಬೇಡ. ಮದ್ದೂರಿನ ಹತ್ತಿರ ವಡೆ ಮಾರುವವರು ಹತ್ತುತ್ತಾರೆ. ರವೆ, ಮೈದಾ, ಅಕ್ಕಿಹಿಟ್ಟಿಗೆ ಕೈತುಂಬ ಈರುಳ್ಳಿ ಹಾಕಿ ತಟ್ಟಿದ ವಡೆ. ಅಂಚಿನಲ್ಲಿ ಈರುಳ್ಳಿ ಕೆಂಪಗಾಗಿರೋದನ್ನೇ ಕೇಳಿ ತಗೊಳ್ಳಿ. ಮುರಿದರೆ ಕಟ್ ಅನ್ನಬೇಕು.

ಇಳಿದ ಮೇಲೆ ಕೋಟೆಯ ವಾಯವ್ಯ ಮೂಲೆಗೆ ನಡೆಯಿರಿ. ನದಿ ಕಡೆ ಗೋಡೆ ಒಡೆದ ಜಾಗ ಇದೆ, ಹತ್ತಿರದಲ್ಲೇ ಸ್ಮಾರಕ ಕಂಬ. ಅಲ್ಲಿ ನಿಂತು ಕಾವೇರಿ ನೋಡಿ. ಬೇಸಿಗೆಯಲ್ಲಾದರೆ ನೀರಿಗಿಂತ ಬಂಡೆಯೇ ಜಾಸ್ತಿ. 1799ರ ಮೇ 4ರಂದು ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಬ್ರಿಟಿಷ್ ಸೈನ್ಯ ಇದೇ ಬಂಡೆಗಳ ಮೇಲೆ ಓಡಿಬಂದು ಗೋಡೆ ಹತ್ತಿತು. ಆಗ ಮೇಲೆ ಕೆಆರ್‌ಎಸ್ ಅಣೆಕಟ್ಟೆ ಇರಲಿಲ್ಲ. ಮಳೆ ಹಿಡಿದು ಹೊಳೆ ತುಂಬಿದ್ದರೆ ದಾಟುವ ಮಾತೇ ಇರಲಿಲ್ಲ. ಅದಕ್ಕೇ ಅವರಿಗೆ ಅಷ್ಟು ಅವಸರ. ಮುಂದೆ ನಿಂತು ನುಗ್ಗಿಸಿದವನು ಡೇವಿಡ್ ಬೇರ್ಡ್. 1780ರಲ್ಲಿ ಸೆರೆಸಿಕ್ಕಿ, ಇದೇ ಊರಲ್ಲಿ ಮೂರು ವರ್ಷಕ್ಕೂ ಜಾಸ್ತಿ ಬಂಧಿಯಾಗಿದ್ದವನು!

ಮುಂದೆ ಬೇಯ್ಲಿ ಬಂದೀಖಾನೆ. ತಗ್ಗು ಕಮಾನಿನ ಗೂಡು, ಕೈದಿಗಳ ಸರಪಳಿ ಕಟ್ಟುತ್ತಿದ್ದ ಕಲ್ಲುಗಳು ಗೋಡೆಯಲ್ಲೇ ಇವೆ. ಕೋಟೆ ಬಿದ್ದ ದಿನವೇ ಟಿಪ್ಪು ಹೋರಾಡುತ್ತಾ ಸತ್ತ. ಅವನ ದೇಹ ಸಿಕ್ಕ ಜಾಗದಲ್ಲಿ ಒಂದು ಕಲ್ಲು ಮಾತ್ರ ಇದೆ, ಸುಮ್ನೆ ಒಂದು ನಿಮಿಷ ನಿಲ್ಲಿ. ರಂಗನಾಥನ ದರ್ಶನ ಮಧ್ಯಾಹ್ನಕ್ಕೆ ಮುಂಚೆ ಮುಗಿಸಿ, ಆಮೇಲೆ ಬಾಗಿಲು ಹಾಕುತ್ತಾರೆ.

ಊಟಕ್ಕೆ ಮುದ್ದೆ ಇರುವ ಹೋಟೆಲ್ಲೇ ಹುಡುಕಿ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡಿದ ಬಸ್ಸಾರು ಸಿಕ್ಕರೆ ಅದೃಷ್ಟ, ಅದೇ ಸೊಪ್ಪಿನ ಪಲ್ಯ ಪಕ್ಕಕ್ಕೆ ಬರುತ್ತೆ. ಮಾಂಸ ತಿನ್ನುವವರು ನಾಟಿಕೋಳಿ ಸಾರು ಕೇಳಿ. ಮುದ್ದೆ ಅಗಿಯಬೇಡಿ, ಚಿಕ್ಕ ತುತ್ತು ಮುರಿದು ಸಾರಲ್ಲಿ ಅದ್ದಿ ನುಂಗಿ. ಬಿಸಿಲು ಜಾಸ್ತಿಯಿದ್ದರೆ ಹೊರಗೆ ಬಂದು ಒಂದು ಲೋಟ ಕಬ್ಬಿನ ಹಾಲು. ಶುಂಠಿ, ನಿಂಬೆ ಹಾಕಿಸಿ.

ಆಮೇಲೆ ಆಟೋದಲ್ಲೋ ಜಟಕಾದಲ್ಲೋ ದರಿಯಾ ದೌಲತ್‌ಗೆ. 1784ರ ತೇಗದ ಮರದ ಅರಮನೆ. ಇಲ್ಲಿ ಆತುರ ಬೇಡ, ಒಂದು ಗಂಟೆ ಇಟ್ಟುಕೊಳ್ಳಿ. ಪಶ್ಚಿಮದ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. 1780ರಲ್ಲಿ ಹೈದರ್, ಟಿಪ್ಪು ಗೆದ್ದ ಯುದ್ಧ ಅದು, ಬೇರ್ಡ್ ಸೆರೆಸಿಕ್ಕಿದ್ದೂ ಅಲ್ಲೇ. ಚೌಕಟ್ಟಾಗಿ ನಿಂತ ಕೆಂಪು ಕೋಟಿನ ಸಿಪಾಯಿಗಳ ನಡುವೆ ಪಲ್ಲಕ್ಕಿಯಲ್ಲಿ ಕೂತವನನ್ನು ಹುಡುಕಿ. ಅವನೇ ಕರ್ನಲ್ ಬೇಯ್ಲಿ. ಅಲ್ಲೇ ಹತ್ತಿರ ಮದ್ದಿನ ಬಂಡಿ ಸಿಡಿಯುತ್ತಿರುತ್ತೆ. ಬೆಳಗ್ಗೆ ನೋಡಿದ ಬಂದೀಖಾನೆಗೆ ಇವನದೇ ಹೆಸರು. ನನ್ನ ಅಕ್ಕನ ಮಗ ಮೊದಲ ಸಲ ಆ ಪಲ್ಲಕ್ಕಿ ಹುಡುಕಿದಾಗ "ಅಯ್ಯೋ, ಆ ಗೂಡಿನ ಬೇಯ್ಲಿ ಇವನೇನಾ ಮಾಮ?" ಅಂತ ಕೂಗಿದ್ದ.

ಗುಂಬಜ್‌ಗೆ ಸಂಜೆ ಬಿಸಿಲು ಇಳಿದ ಮೇಲೆ ಹೋಗಿ. ಕಪ್ಪು ಕಲ್ಲಿನ ಕಂಬ ಮುಟ್ಟಿದರೆ ತಣ್ಣಗಿರುತ್ತೆ. ಒಳಗೋಡೆ ತುಂಬ ಹುಲಿಪಟ್ಟೆ. ಕೋಟೆ ಬಿದ್ದ ಮಾರನೇ ದಿನ ಟಿಪ್ಪುವನ್ನು ಇಲ್ಲೇ ತಂದೆತಾಯಿ ಪಕ್ಕದಲ್ಲಿ ಮಣ್ಣು ಮಾಡಿದರು.

ವಾಪಸ್ ರೈಲಲ್ಲಿ ಮದ್ದೂರು ಬರುವಾಗ ಮಲಗಿಬಿಡಬೇಡಿ. ಮನೆಯವರಿಗೂ ನಾಲ್ಕು ವಡೆ ಕಟ್ಟಿಸಿಕೊಳ್ಳಬೇಕು.