ರಷ್ಯಾದಲ್ಲಿ ಸೈನ್ಯದ ಕರೆ: ಯಾರಿಗೆ ಬರುತ್ತದೆ, ಸಹಿ ಹಾಕಿದರೆ ಏನಾಗುತ್ತದೆ

ರಷ್ಯಾದಲ್ಲಿ ಓದುವ, ದುಡಿಯುವ ಕನ್ನಡಿಗರಿಗೆ ಮನೆಯವರು ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: "ನಿನ್ನನ್ನೂ ಸೈನ್ಯಕ್ಕೆ ಎಳ್ಕೊಂಡು ಹೋಗ್ತಾರಾ?" ಇಲ್ಲ. ಕಡ್ಡಾಯ ಸೇವೆ ಇಲ್ಲಿನ ಪ್ರಜೆಗಳಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಕರೆ ಬರುವುದಿಲ್ಲ. ಆದರೆ ನೀವಾಗಿಯೇ ಒಂದು ಕಾಗದಕ್ಕೆ ಸಹಿ ಹಾಕಿದರೆ ವಿಷಯ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ. ನಿಮ್ಮ ರಷ್ಯನ್ ಗೆಳೆಯರು ಯಾವ ವ್ಯವಸ್ಥೆಯೊಳಗೆ ಇದ್ದಾರೆ ಅನ್ನುವುದು ಮೊದಲು ಗೊತ್ತಿರಲಿ.

ಇಲ್ಲಿ ಸೈನಿಕರಲ್ಲಿ ಮುಖ್ಯವಾಗಿ ಮೂರು ಬಗೆ. ಕಡ್ಡಾಯ ಸೇವೆಗೆ ಹೋದವನು ಸ್ರೋಚ್ನಿಕ್. ವಯಸ್ಸು 18ರಿಂದ 30. 2024ಕ್ಕೆ ಮುಂಚೆ 27ರವರೆಗೆ ಇತ್ತು. ಸೇವೆ ಒಂದು ವರ್ಷ. 2025ರವರೆಗೆ ಕರೆಗೆ ಎರಡು ಸರದಿ ಇತ್ತು: ಏಪ್ರಿಲ್‌ನಿಂದ ಜುಲೈ ಮಧ್ಯದವರೆಗೆ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. 2026ರಿಂದ ಕರೆ ವರ್ಷವಿಡೀ ನಡೆಯುತ್ತದೆ, ಪಡೆಗೆ ಕಳಿಸುವುದು ಮಾತ್ರ ಆ ಎರಡು ಸರದಿಗಳಲ್ಲೇ. ಸಂಬಳಕ್ಕೆ ಕಾಂಟ್ರಾಕ್ಟ್ ಮಾಡಿಕೊಂಡು ಸೇರಿದವನು ಕಂಟ್ರಾಕ್ಟ್ನಿಕ್. ಯುದ್ಧಕ್ಕೆಂದು ಮನೆಯಿಂದ ಕರೆಸಿಕೊಂಡ ಮೀಸಲು ಪಡೆಯವನನ್ನು ಜನ ಮೋಬಿಕ್ ಅನ್ನುತ್ತಾರೆ. ಕರೆ ಕಳಿಸುವ ಕಚೇರಿ ವೊಯೆನ್‌ಕೊಮಾತ್, ಅದು ಕಳಿಸುವ ಚೀಟಿ ಪೊವೆಸ್ಟ್ಕಾ.

ಚೀಟಿಯನ್ನು ಕೈಗೇ ಕೊಟ್ಟು ಸಹಿ ಪಡೆಯಬೇಕಿದ್ದ ಕಾಲ ಹೋಯಿತು. 2023ರ ಏಪ್ರಿಲ್‌ನ ಕಾನೂನಿನ ಪ್ರಕಾರ ಪೊವೆಸ್ಟ್ಕಾ ಆನ್‌ಲೈನ್ ದಾಖಲೆಗೆ ಸೇರಿ ಏಳು ದಿನ ಕಳೆದರೆ ತಲುಪಿದ ಹಾಗೇ ಲೆಕ್ಕ. ನೋಡಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಹಾಜರಾಗದವನು ದೇಶ ಬಿಡುವಂತಿಲ್ಲ. ಹಾಗೇ ಬಿಟ್ಟರೆ ಮುಂದೆ ಗಾಡಿ ಓಡಿಸುವಂತಿಲ್ಲ, ಸಾಲ ಪಡೆಯುವಂತಿಲ್ಲ, ಆಸ್ತಿ ನೋಂದಣಿ ಮಾಡಿಸುವಂತಿಲ್ಲ. ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಓದು ಮುಗಿಯುವವರೆಗೆ ಮುಂದೂಡಿಕೆ ಇದೆ. ಪರೀಕ್ಷೆ ಹತ್ತಿರ ಬಂದಾಗ ನಿಮ್ಮ ಸಹಪಾಠಿ ಫೇಲಾಗುವುದಕ್ಕೆ ನಿಮಗಿಂತ ಜಾಸ್ತಿ ಹೆದರುವುದು ಸುಮ್ನೆ ಅಲ್ಲ. ಹಾಸ್ಟೆಲಿನಿಂದ ಹೊರಬಿದ್ದರೆ ಅವನು ನೇರ ಬ್ಯಾರಕ್‌ಗೆ ಹೋಗಬೇಕಾದೀತು.

ಟಿವಿಯಲ್ಲಿ ಕೇಳುವ ಮಾತಿಗೂ ನಡೆಯುವುದಕ್ಕೂ ಎಷ್ಟು ದೂರ ಅನ್ನುವುದಕ್ಕೆ 2022ರ ಮಾರ್ಚ್ ನೋಡಿ. ಕಡ್ಡಾಯ ಸೇವೆಯ ಹುಡುಗರು ಉಕ್ರೇನಿನ ಕಾಳಗದಲ್ಲಿ ಇಲ್ಲ, ಇರುವುದೂ ಇಲ್ಲ ಎಂದು ಮಾರ್ಚ್ 8ರಂದು ಪುಟಿನ್ ಹೇಳಿದರು. ಮರುದಿನವೇ ರಕ್ಷಣಾ ಸಚಿವಾಲಯ ಕೆಲವರು ಅಲ್ಲಿದ್ದಾರೆ, ಕೆಲವರು ಸೆರೆ ಸಿಕ್ಕಿದ್ದಾರೆ ಎಂದು ಒಪ್ಪಿಕೊಂಡಿತು. ಏಪ್ರಿಲ್‌ನಲ್ಲಿ ಮಾಸ್ಕ್ವಾ ಯುದ್ಧನೌಕೆ ಮುಳುಗಿದಾಗ, ಅದರಲ್ಲಿ ಕಡ್ಡಾಯ ಸೇವೆಗೆ ಹೋಗಿದ್ದ ಮಗ ಎಲ್ಲಿ ಎಂದು ಹೆತ್ತವರು ಬಹಿರಂಗವಾಗಿ ಕೇಳತೊಡಗಿದರು. 2024ರ ಆಗಸ್ಟ್‌ನಲ್ಲಿ ಉಕ್ರೇನ್ ಪಡೆ ಕುರ್ಸ್ಕ್ ಪ್ರಾಂತಕ್ಕೆ ನುಗ್ಗಿತು. ಗಡಿ ಕಾಯಲು ಇಟ್ಟಿದ್ದ ಸ್ರೋಚ್ನಿಕ್ ಹುಡುಗರು ಗುಂಪುಗುಂಪಾಗಿ ಸೆರೆ ಸಿಕ್ಕರು. ಅದು ರಷ್ಯಾದ ನೆಲ, ಹಾಗಾಗಿ ಕಾಗದದ ಮೇಲೆ ಮಾತು ಮುರಿದಂತೆಯೂ ಆಗಲಿಲ್ಲ. ಕುರ್ಸ್ಕ್‌ನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಮ್ಮವರೂ ಓದುತ್ತಾರೆ. ಆಗ ಬ್ರಯಾನ್ಸ್ಕ್, ಬೆಲ್ಗೊರೊದ್, ಕುರ್ಸ್ಕ್ ಭಾಗಗಳಲ್ಲಿರುವ ಭಾರತೀಯರಿಗೆ ಮಾಸ್ಕೋದ ರಾಯಭಾರ ಕಚೇರಿ ಎಚ್ಚರಿಕೆ ಕೊಟ್ಟಿತ್ತು.

ಮೋಬಿಕ್‌ಗಳ ಪಾಡು ಇನ್ನೂ ಕೆಟ್ಟದಾಗಿತ್ತು. 2022ರ ಸೆಪ್ಟೆಂಬರ್ 21ರಂದು ಪುಟಿನ್ 'ಭಾಗಶಃ' ಕರೆ ಘೋಷಿಸಿದರು. ಆಗಿನ ರಕ್ಷಣಾ ಸಚಿವ ಶೊಯ್ಗು ಕೊಟ್ಟ ಸಂಖ್ಯೆ ಮೂರು ಲಕ್ಷ. ಸೇನಾ ಅನುಭವ ಇದ್ದವರಿಗೇ ಆದ್ಯತೆ ಅಂದರು. ಆದರೆ ವಯಸ್ಸಾದವರಿಗೆ, ಕಾಯಿಲೆಯವರಿಗೂ ಚೀಟಿ ಹೋಯಿತು. ವಾರ ಕಳೆದ ಕೂಡಲೇ ಪುಟಿನ್ ಅವರೇ ತಪ್ಪು ಸರಿಪಡಿಸಿ ಅನ್ನಬೇಕಾಯಿತು. ಹೋದವರ ಕೈಗೆ ತುಕ್ಕು ಹಿಡಿದ ರೈಫಲ್ ಬಂದ ವಿಡಿಯೋಗಳು ಹರಿದಾಡಿದವು. ಗುಂಡು ತಡೆಯುವ ಜಾಕೆಟ್, ಬೂಟು, ಮಲಗುವ ಚೀಲ, ರಕ್ತ ನಿಲ್ಲಿಸುವ ಪಟ್ಟಿ, ಎಲ್ಲವನ್ನೂ ಮನೆಯವರು ಕೊಂಡು ಕೊಟ್ಟರು. ಅಂಗಡಿಗಳಲ್ಲಿ ಬೆಲೆ ಏರಿತು. ಗಾಯಕ್ಕೆ ತುರುಕಲು ಹೆಂಡತಿ, ತಾಯಂದಿರಿಂದ ಟ್ಯಾಂಪನ್ ತರಿಸಿಕೊಳ್ಳಿ ಎಂದು ಸೇನಾ ಸಮವಸ್ತ್ರದ ಮಹಿಳೆಯೊಬ್ಬಳು ಹೊಸಬರಿಗೆ ಹೇಳುವ ವಿಡಿಯೋವನ್ನು ಇಲ್ಲಿ ನೋಡದವರು ಕಡಿಮೆ. ಆಳುವ ಪಕ್ಷದ ಸಂಸದ, ನಿವೃತ್ತ ಜನರಲ್ ಗುರುಲ್ಯೋವ್ ಕೂಡ ಹದಿನೈದು ಲಕ್ಷ ಸೆಟ್ ಉಡುಪು ಎಲ್ಲಿ ಹೋಯಿತು ಎಂದು ಕೇಳಿದರು. ದಶಕಗಳಿಂದ ಸೇನೆಗೆ ಅಷ್ಟೊಂದು ಹಣ ಸುರಿದ ದೇಶದಲ್ಲಿ ಬೂಟಿಗೆ ಬರ ಅಂದರೆ ಕಳ್ಳತನ ಎಲ್ಲಿ ನಡೆದಿರಬೇಕು ಅಂತ ಊಹಿಸುವುದು ಕಷ್ಟವಲ್ಲ.

2023ರ ಹೊಸ ವರ್ಷದ ರಾತ್ರಿ, ರಷ್ಯಾದ ಹಿಡಿತದಲ್ಲಿರುವ ಉಕ್ರೇನಿನ ಊರು ಮಕಿಯೀವ್ಕಾದಲ್ಲಿ ಮೋಬಿಕ್‌ಗಳು ತಂಗಿದ್ದ ಶಾಲಾ ಕಟ್ಟಡದ ಮೇಲೆ ಉಕ್ರೇನಿನ ರಾಕೆಟ್ ಬಿತ್ತು. ಸಚಿವಾಲಯ 89 ಸಾವು ಒಪ್ಪಿಕೊಂಡಿತು, ಮುಖ್ಯ ಕಾರಣ ಸೈನಿಕರೇ ಮೊಬೈಲ್ ಬಳಸಿದ್ದು ಅಂದಿತು. ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿ ತುಂಬಿದ್ದು ಯಾರು? ಮೇಲಿನವರ ತಪ್ಪು ಕೆಳಗಿನವನ ತಲೆಗೆ ಬೀಳುವುದು ಇಲ್ಲಿ ಹೊಸದೇನಲ್ಲ.

ಇದನ್ನೆಲ್ಲ ಇಲ್ಲಿದ್ದುಕೊಂಡು ಗಟ್ಟಿಯಾಗಿ ಮಾತಾಡಬೇಡಿ. 2022ರ ಮಾರ್ಚ್‌ನಿಂದ ಸೇನೆಯನ್ನು 'ಅವಹೇಳನ' ಮಾಡಿದರೆ ದಂಡ, ಮತ್ತೆ ಮಾಡಿದರೆ ಜೈಲು. 'ಸುಳ್ಳು ಸುದ್ದಿ' ಎಂದು ಕೇಸಾದರೆ 15 ವರ್ಷದವರೆಗೂ ಹೋಗಬಹುದು. ಕಾನೂನು ವಿದೇಶಿಯರಿಗೂ ಅನ್ವಯಿಸುತ್ತದೆ. ಫೇಸ್‌ಬುಕ್ ಪೋಸ್ಟ್ ಕನ್ನಡದಲ್ಲಿದೆ, ಯಾರಿಗೆ ತಿಳಿಯುತ್ತೆ ಅಂದುಕೊಳ್ಳಬೇಡಿ. ಅನುವಾದಕ್ಕೆ ಈಗ ಒಂದು ಬಟನ್ ಸಾಕು.

ಈಗ ಸಹಿಯ ವಿಷಯ. ವಿದೇಶಿಯರೂ ರಷ್ಯಾದ ಸೇನೆಗೆ ಕಾಂಟ್ರಾಕ್ಟ್ ಮೇಲೆ ಸೇರಬಹುದು. 2024ರ ಜನವರಿಯ ಆದೇಶ ಹಾಗೆ ಸೇರಿದವರಿಗೂ ಅವರ ಕುಟುಂಬಕ್ಕೂ ಪೌರತ್ವದ ದಾರಿ ಸುಲಭ ಮಾಡಿತು. ಹಣವೂ ದೊಡ್ಡದು: ಅದೇ ವರ್ಷ ಮಾಸ್ಕೋ ನಗರ ಸಹಿ ಹಾಕಿದವರಿಗೆ 19 ಲಕ್ಷ ರೂಬಲ್ ಘೋಷಿಸಿತು. ಕಾಗದದಲ್ಲಿ 'ಒಂದು ವರ್ಷ' ಎಂದು ಬರೆದಿರುತ್ತದೆ. ಆದರೆ 2022ರ ಸೆಪ್ಟೆಂಬರ್ ಆದೇಶದ ಪ್ರಕಾರ ಆ ಕರೆಯ ಅವಧಿ ಮುಗಿಯುವವರೆಗೆ ಯಾವ ಸೇನಾ ಕಾಂಟ್ರಾಕ್ಟೂ ಮುಗಿಯುವುದಿಲ್ಲ. ವಯಸ್ಸಿನ ಮಿತಿ, ಆರೋಗ್ಯ, ಜೈಲು ಶಿಕ್ಷೆ, ಹೊರಬರಲು ಇಷ್ಟೇ ದಾರಿ. ಕರೆ ಮುಗಿಯಿತು ಎಂದು 2022ರ ಅಕ್ಟೋಬರ್ 28ರಂದು ಶೊಯ್ಗು ಟಿವಿಯಲ್ಲಿ ಹೇಳಿದರು. ಆದೇಶವನ್ನು ಮಾತ್ರ ರದ್ದು ಮಾಡಲಿಲ್ಲ. ಬಿಟ್ಟು ಓಡಿ ತಿಂಗಳು ಕಳೆದರೆ ಐದರಿಂದ ಹತ್ತು ವರ್ಷ ಜೈಲು.

ನಮ್ಮವರು ಸಿಕ್ಕಿಬಿದ್ದದ್ದು ಹೀಗೇ. ಭದ್ರತಾ ಸಿಬ್ಬಂದಿ, ಸಹಾಯಕ ಕೆಲಸ ಅಂತ ಏಜೆಂಟರು ಕರೆತಂದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿ 2024ರ ಸೆಪ್ಟೆಂಬರ್‌ನಲ್ಲಿ ಊರಿಗೆ ಮರಳಿದರು. ಅವರು ಅದೃಷ್ಟವಂತರು. 2025ರ ಜನವರಿಯಲ್ಲಿ ಭಾರತ ಸರ್ಕಾರ ಕೊಟ್ಟ ಲೆಕ್ಕದಲ್ಲಿ ರಷ್ಯಾ ಸೇನೆಗೆ ಸೇರಿದ್ದ 126 ಭಾರತೀಯರಲ್ಲಿ 96 ಮಂದಿ ವಾಪಸು ಬಂದಿದ್ದರು, 12 ಮಂದಿ ಸತ್ತಿದ್ದರು, 16 ಮಂದಿ ಕಾಣೆ.

ರಷ್ಯನ್ ಓದಲು ಬರದಿದ್ದರೆ ಎರಡು ಪದಗುಚ್ಛ ಕಲಿತುಕೊಳ್ಳಿ: 'ವೊಯೆನ್ನಯಾ ಸ್ಲೂಜ್ಬಾ' (военная служба) ಅಂದರೆ ಸೇನಾ ಸೇವೆ, 'ಮಿನಿಸ್ತೆರ್ಸ್ತ್ವೊ ಒಬೊರೋನಿ' (Министерство обороны) ಅಂದರೆ ರಕ್ಷಣಾ ಸಚಿವಾಲಯ. ಅಡುಗೆ ಕೆಲಸ, ಚಾಲಕನ ಕೆಲಸ ಅಂತ ಹೇಳಿ ಕೊಟ್ಟ ಕಾಗದದಲ್ಲಿ ಇವು ಕಂಡರೆ ಪೆನ್ನು ಕೆಳಗಿಡಿ, ರಾಯಭಾರ ಕಚೇರಿಗೆ ಫೋನ್ ಮಾಡಿ. ಇಲ್ಲಿನ ಪೌರತ್ವ ಪಡೆಯುವ ಯೋಚನೆ ಇದ್ದರೂ ಒಂದು ಮಾತು: ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ವೊಯೆನ್‌ಕೊಮಾತ್‌ನಲ್ಲಿ ಹೆಸರು ಬರೆಸಲೇಬೇಕು, ಬರೆಸದಿದ್ದರೆ ಹೊಸ ಪೌರತ್ವವನ್ನೂ ಕಿತ್ತುಕೊಳ್ಳುವ ಕಾನೂನು 2024ರಲ್ಲಿ ಬಂದಿದೆ.