ಹೊಸಬರಿಗೆ ಮಾರ್ಗದರ್ಶಿ: ಮನೇಲಿ ಊಟ, ದಿನಸಿ ವೇಸ್ಟ್ ಆಗದ ಹಾಗೆ ನೋಡ್ಕೊಳ್ಳೋದು

ಹೊಸದಾಗಿ ಬಂದಿರೋ ಎಲ್ಲಾ ಕುಟುಂಬದವರಿಗೂ ನಮ್ಮ ಸಂಘದ ಕಡೆಯಿಂದ ನಮಸ್ಕಾರ. ಬಾಡಿಗೆ ಮನೆ, ಸ್ಕೂಲ್ ಅಡ್ಮಿಶನ್, ಬ್ಯಾಂಕ್ ಅಕೌಂಟ್ ಬಗ್ಗೆ ಎಲ್ರೂ ಕೇಳ್ತಾರೆ, ಊಟ ವೇಸ್ಟ್ ಆಗೋ ವಿಷಯ ಮಾತ್ರ ಯಾರೂ ಎತ್ತಲ್ಲ. ಆದ್ರೆ ಹೊಸ ಜಾಗದಲ್ಲಿ ಅಂದಾಜೇ ಸಿಗಲ್ಲ ನೋಡಿ, ಅಂಗಡಿ ದೂರ, ಪ್ಯಾಕ್ ದೊಡ್ಡದು, ಫ್ರಿಜ್ಜೂ ದೊಡ್ಡದು, ವಾರಕ್ಕೊಂದು ಸಲ ಹೋಗಿ ಕಣ್ಣಿಗೆ ಕಂಡಿದ್ದೆಲ್ಲ ತುಂಬ್ಕೊಂಡ್ ಬಂದ್ರೆ ವಾರದ ಕೊನೇಲಿ ಅರ್ಧ ಕೊಳೆತಿರತ್ತೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವೇಸ್ಟ್ ಆಗಿದೆ, ಸಿಪ್ಪೆ ಮೂಳೆ ಎಲ್ಲಾ ಸೇರಿ. ಅದ್ರಲ್ಲಿ 60% ಬಂದಿದ್ದು ಮನೆಗಳಿಂದ, ಹೋಟ್ಲಿಂದ ಅಲ್ಲ! ಮನೆಗಳದ್ದೇ ತಲೆಗೆ ವರ್ಷಕ್ಕೆ 79 ಕೆಜಿ. ಕಸದ ಗುಡ್ಡೆ ಅಡೀಲಿ ಗಾಳಿ ಆಡದೆ ಕೊಳೆತಾಗ ಮೀಥೇನ್ ಅನ್ನೋ ಗ್ಯಾಸ್ ಬರತ್ತೆ, ಅದು 20 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಭೂಮಿನ ಬಿಸಿ ಮಾಡತ್ತೆ. ಅದಲ್ದೆ ಬೆಳೆಯೋಕೆ ಹಾಕಿದ ನೀರು, ಗೊಬ್ಬರ, ಲಾರಿ ಡೀಸೆಲ್ಲು, ಕೋಲ್ಡ್ ಸ್ಟೋರೇಜ್ ಕರೆಂಟು ಎಲ್ಲಾ ದಂಡ. ಹೊಲದಿಂದ ತಟ್ಟೆ ತನಕ ಹಾಳಾಗೋದೆಲ್ಲ ಸೇರಿಸಿದ್ರೆ ಜಗತ್ತಿನ ಹಸಿರುಮನೆ ಅನಿಲದಲ್ಲಿ 8ರಿಂದ 10% ಇದ್ರದ್ದೇ. ಅದಕ್ಕೇ ನಾವು ಇಷ್ಟು ಒತ್ತಿ ಹೇಳ್ತಿರೋದು.

ಮುಖ್ಯವಾದದ್ದು ತರೋದು. ಅಂಗಡಿಗೆ ಹೊರಡೋ ಮುಂಚೆ ಫ್ರಿಜ್ ಒಳಗಡೆ ಒಂದು ಫೋಟೋ ತಕ್ಕೊಳ್ಳಿ, ಇರೋದನ್ನೇ ಮತ್ತೆ ತರೋದು ತಪ್ಪತ್ತೆ. ಒಂದು ತಗೊಂಡ್ರೆ ಒಂದು ಫ್ರೀ ಅನ್ನೋ ಆಫರ್ರು ಬೇಗ ಕೆಡೋ ಸಾಮಾನಿಗೆ ಬೇಡವೇ ಬೇಡ, ಅದು ಉಳಿತಾಯ ಅಲ್ಲ.

ಇನ್ನು ಪ್ಯಾಕ್ ಮೇಲಿನ ಡೇಟು. ಹೊಸಬರಿಗೆ ತುಂಬಾ ಗೊಂದಲ ಆಗೋದು ಇಲ್ಲೇ. ‘ಬೆಸ್ಟ್ ಬಿಫೋರ್’ ಅಂದ್ರೆ ಅಲ್ಲೀವರೆಗೆ ರುಚಿ, ಗರಿಗರಿ ಚೆನ್ನಾಗಿರತ್ತೆ ಅಂತ ಅಷ್ಟೇ, ಆಮೇಲೂ ಸರಿಯಾಗಿ ಇಟ್ಟಿದ್ರೆ ಬಣ್ಣ, ವಾಸನೆ ನೋಡ್ಕೊಂಡು ತಿನ್ನಬಹುದು. ‘ಯೂಸ್ ಬೈ’ ಸಾಮಾನ್ಯವಾಗಿ ಸೇಫ್ಟಿ ವಿಷಯ, ಅದು ದಾಟಿದ್ರೆ ವಾಸನೆ ಚೆನ್ನಾಗಿದೆ ಅಂತ ತಿನ್ನೋಕೆ ಹೋಗ್ಬೇಡಿ, ಎಲ್ಲಾ ಬ್ಯಾಕ್ಟೀರಿಯಾನೂ ವಾಸನೆ ಕೊಡಲ್ಲ. ಕೆಲವು ದೇಶದಲ್ಲಿ ಈ ಪದಗಳ ಅರ್ಥ ಸ್ವಲ್ಪ ಬೇರೆ ಇರತ್ತೆ, ಒಂದ್ಸಲ ಹಳಬರನ್ನ ಕೇಳ್ಕೊಳ್ಳಿ. ಹಾಗೇ ತಿಂಗಳು ಮೊದ್ಲು ಬರೀತಾರಾ ತಾರೀಕು ಮೊದ್ಲು ಬರೀತಾರಾ ಅಂತ್ಲೂ ನೋಡಿ, 5/8 ಅಂದ್ರೆ ಒಂದು ಕಡೆ ಆಗಸ್ಟ್ 5, ಇನ್ನೊಂದು ಕಡೆ ಮೇ 8, ಚೆನ್ನಾಗಿರೋದನ್ನ ಎಸೆದು ಕೆಟ್ಟಿದ್ದನ್ನ ಇಟ್ಕೊಂಡ್ರೆ ಕಷ್ಟ.

ಫ್ರಿಜ್ 4 ಡಿಗ್ರೀಲಿ, ಫ್ರೀಜರ್ ಮೈನಸ್ 18ರಲ್ಲಿ ಇರ್ಲಿ. ಬಾಗಿಲು ತೆಗೆದು ಹಾಕಿ ಮಾಡೋದ್ರಿಂದ ಡೋರ್ ಭಾಗ ಬೆಚ್ಚಗಿರತ್ತೆ, ಹಾಲು ಒಳಗಡೆ ಇಡಿ. ಬಾಳೆಹಣ್ಣು, ಸೇಬು, ಟೊಮೇಟೊ ಬಿಡೋ ಎಥಿಲೀನ್ ಗ್ಯಾಸಿಗೆ ಪಕ್ಕದಲ್ಲಿರೋ ಸೊಪ್ಪು ಬೇಗ ಹಳದಿ ಆಗತ್ತೆ, ದೂರ ಇಡಿ.

ಉಳಿದ ಅಡುಗೆ 2 ಗಂಟೆ ಒಳಗೆ ಫ್ರಿಜ್ಜಿಗೆ ಹೋಗ್ಲಿ, ಅನ್ನದ ವಿಷಯದಲ್ಲಂತೂ ಇನ್ನೂ ಬೇಗ, ಯಾಕಂದ್ರೆ ಅನ್ನದಲ್ಲಿ ಬೇಯಿಸಿದ್ರೂ ಸಾಯದ ಬ್ಯಾಕ್ಟೀರಿಯಾ ಬೀಜಾಣು ಇರತ್ತೆ, ಹೊರಗೇ ಬಿಟ್ರೆ ಅದು ಬೆಳೆದು ವಿಷ ಮಾಡತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ದೊಡ್ಡ ಪಾತ್ರೆ ಹಾಗೇ ಇಡ್ಬೇಡಿ, ಅಗಲದ ಚಿಕ್ಕ ಡಬ್ಬಿಗೆ ಹಾಕಿದ್ರೆ ಬೇಗ ತಣ್ಣಗಾಗತ್ತೆ. ಎರಡು ಮೂರು ದಿನದಲ್ಲಿ ಮುಗಿಯಲ್ಲ ಅನ್ಸಿದ್ರೆ ಮೊದಲನೇ ದಿನವೇ ಒಂದೊಂದು ಊಟಕ್ಕಾಗೋಷ್ಟು ಫ್ರೀಜರಿಗೆ ಹಾಕಿ, ಮೇಲೆ ತಾರೀಕು ಬರೀರಿ.

ಸಿಪ್ಪೆ, ಕಾಫಿ ಚರಟ ಕಾಂಪೋಸ್ಟಿಗೆ ಹಾಕಿ, ಹಸಿ ಕಸಕ್ಕೆ ಬೇರೆ ಬಿನ್ ಇದ್ರೆ ಅದ್ರಲ್ಲೇ ಹಾಕಿ.

ರಜಕ್ಕೆ ಹೊರಡೋದಿದ್ರೆ ಒಂದು ವಾರ ಮುಂಚೆಯಿಂದ ಹೊಸದು ತರೋದು ನಿಲ್ಸಿ. ಆದ್ರೂ ಉಳಿದ್ರೆ ಸಂಘದ ಗ್ರೂಪಲ್ಲಿ ಒಂದು ಫೋಟೋ ಹಾಕಿ, ತಗೊಳ್ಳೋರು ಇದ್ದೇ ಇರ್ತಾರೆ, ಒಡೆದ ಪ್ಯಾಕ್ ಆದ್ರೆ ಯಾವತ್ತು ಒಡೆದಿದ್ದು ಅಂತ ಮಾತ್ರ ಬರೆದುಬಿಡಿ.